ಬೇಕಾದಷ್ಟು

ನಮ್ಮ ಊರಿನಲ್ಲಿ ಒಂದು ಮನೆಗೆ ಐದನೆಯ ತಟ್ಟೆ ಬರಬೇಕಾದರೆ ಪಟ್ಟಿಯನ್ನು ಕೇಳಬೇಕು. ಪಟ್ಟಿಗೆ ಬಾಯಿಲ್ಲ. ಹಾಗಾಗಿ ಎಲ್ಲರೂ ಬಂದು ನನ್ನ ತಲೆ ತಿನ್ನುತ್ತಾರೆ. ನಕ್ಷೆ ಕಚೇರಿಯ ಕಿಟಕಿ ಪಕ್ಕದ ಮೇಜಿನಲ್ಲಿ ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ. ಇಷ್ಟು ವರ್ಷದಲ್ಲಿ ‘ಹೇಗಿದ್ದೀರಿ ವಾರಿಜಾಕ್ಷಿ’ ಎಂದು ಕೇಳಿಕೊಂಡು ಒಳಗೆ ಬಂದವರು ಒಬ್ಬರಿದ್ದರೆ ತೋರಿಸಿ. ಚಪ್ಪಲಿ ಬಿಡುವ ಮೊದಲೇ ‘ನಮ್ಮ ನಮೂನೆಗೆ ಒಂದು ಕುರ್ಚಿ ಸೇರಿಸಿಬಿಡಿ’ ಎನ್ನುತ್ತಾರೆ, ಸಾರಿಗೆ ಉಪ್ಪು ಸೇರಿಸುವಷ್ಟೇ ಸಲೀಸು ಎಂಬಂತೆ.

ಅಷ್ಟು ಸಲೀಸಾಗಿದ್ದರೆ ನನ್ನ ತಲೆಕೂದಲು ಇನ್ನೂ ಕಪ್ಪಗಿರುತ್ತಿತ್ತು. ಊರಿನಲ್ಲಿರುವುದು ಎಂಬತ್ತಾರು ಮನೆ, ಎಂಬತ್ತಾರಕ್ಕೂ ಸೇರಿ ಒಂದೇ ನಕ್ಷೆ. ಗೋಡೆ ಅದೇ, ಸೂರು ಅದೇ. ಒಂದರಲ್ಲಿ ಕಿಟಕಿ ಎರಡು, ಇನ್ನೊಂದರಲ್ಲಿ ಮೂರು, ಒಂದರಲ್ಲಿ ಮಂಚ ಎರಡು, ಇನ್ನೊಂದರಲ್ಲಿ ನಾಲ್ಕು. ಹೀಗೆ ಒಂದೇ ಮನೆಯ ಎಂಬತ್ತಾರು ನಮೂನೆಗಳು. ನಕ್ಷೆಯ ಬಲಗಡೆ ಪಟ್ಟಿ. ಪಟ್ಟಿಯಲ್ಲಿ ಸಾಮಾನಿಗೊಂದು ಸಾಲು, ನಮೂನೆಗೊಂದು ಕಾಲಮ್, ಎರಡೂ ಸೇರುವ ಚೌಕದಲ್ಲಿ ಎಷ್ಟು ಎಂಬ ಅಂಕಿ. ಅಷ್ಟನ್ನೂ ಒಂದೇ ಹಾಳೆಯಲ್ಲಿ ಹಿಡಿಸಬೇಕಾದ್ದರಿಂದ ಅಕ್ಷರ ಸಾಸಿವೆಗಿಂತ ಚಿಕ್ಕದು. ಊರಿನ ಅರ್ಧ ಜನ ಭೂತಗನ್ನಡಿ ಹಿಡಿದುಕೊಂಡೇ ಕಚೇರಿಗೆ ಬರುತ್ತಾರೆ. ಸಹಿ ಬಿದ್ದ ಹಾಳೆಯನ್ನು ಕಚೇರಿಯ ಹೊರಗೋಡೆಗೆ ಅಂಟಿಸಿದರೆ, ಮರುದಿನ ಬೆಳಗಾಗುವಷ್ಟರಲ್ಲಿ ಮನೆಗಳು ಅದನ್ನು ಪಾಲಿಸಿರುತ್ತವೆ. ಅಂಕಿಗಿಂತ ಹೆಚ್ಚಿಗೆ ಏನಿದೆಯೋ ಅದು ಜಗಲಿಯ ಮೇಲೆ ಬಂದು ಕೂತಿರುತ್ತದೆ. ಎಲ್ಲಕ್ಕಿಂತ ಕೊನೆಗೆ ಮನೆಗೆ ಬಂದ ಸಾಮಾನು ಯಾವುದೋ ಅದೇ ಮೊದಲು ಹೊರಗೆ.

ಜನ ಇದಕ್ಕೆ ಒಗ್ಗಿಕೊಂಡಿದ್ದಾರೆ. ಉಳಿಯಲು ಬರುವ ನೆಂಟರು ತಮ್ಮ ಚಾಪೆ ತಟ್ಟೆ ತಾವೇ ತರುತ್ತಾರೆ. ಚಾಪೆಯ ಮೇಲೆ ಮಲಗಿ ಬರಿನೆಲದ ಮೇಲೆ ಏಳುತ್ತಾರೆ, ಜಗಲಿಗೆ ಹೋಗಿ ಚಾಪೆ ಎತ್ತಿಕೊಂಡು ಬಂದು ಕಾಫಿಗೆ ಕೂರುತ್ತಾರೆ. ಮದುವೆಗೆ ಉಡುಗೊರೆ ಕೊಡುವವರು ‘ನಿಮ್ಮಲ್ಲಿ ಗಡಿಯಾರಕ್ಕೆ ಜಾಗ ಇದೆಯಾ’ ಎಂದು ಮೊದಲೇ ವಿಚಾರಿಸುತ್ತಾರೆ. ಹೊಸ ಲೋಟದ ಮೇಲೆ ಆಸೆಯಾದವರ ಮನೆಯಲ್ಲಿ ಹಳೆಯ ಲೋಟ ಅದೇ ವಾರ ಬಾವಿಗೆ ಬೀಳುತ್ತದೆ. ಇದರಲ್ಲಿ ಯಾವುದಕ್ಕೂ ನನ್ನ ತಕರಾರಿಲ್ಲ. ನನ್ನ ತಕರಾರೆಲ್ಲ ಕೈಅಂಕಿಯದು.

ಕೈಅಂಕಿ ಏನೆಂದು ಹೇಳುತ್ತೇನೆ. ಕಚೇರಿಗೆ ಕ್ಯಾಡ್ ಎಂಬ ನಕ್ಷೆ ಬಿಡಿಸುವ ಸಾಫ್ಟ್‌ವೇರ್ ಬಂದ ಮೇಲೆ ಪಟ್ಟಿಯನ್ನು ನಾವು ಬರೆಯಬೇಕಾಗಿಲ್ಲ. ಕಂಪ್ಯೂಟರಿನೊಳಗೆ ಒಂದು ಮನೆ ಕಟ್ಟಿ ಅದರಲ್ಲಿ ನಾಲ್ಕು ಕುರ್ಚಿ ಇಟ್ಟರೆ, ಅದು ತಾನೇ ಎಣಿಸಿ ಪಟ್ಟಿಯಲ್ಲಿ ನಾಲ್ಕು ಎಂದು ಹಾಕಿಕೊಳ್ಳುತ್ತದೆ. ಒಂದು ತೆಗೆದರೆ ಮೂರು ಎನ್ನುತ್ತದೆ. ಎಷ್ಟು ಸುಖ ನೋಡಿ. ಆದರೆ ಮನುಷ್ಯನಿಗೆ ಸುಖ ಸೇರುವುದಿಲ್ಲವಲ್ಲ. ಅಂಕಿಯ ಮೇಲೆ ಎರಡು ಸಲ ಒತ್ತಿದರೆ ಅದನ್ನು ಅಳಿಸಿ ನಮಗೆ ತೋಚಿದ ಅಂಕಿಯನ್ನು ಬರೆದುಬಿಡಬಹುದು. ಅದೇ ಕೈಅಂಕಿ. ಒಮ್ಮೆ ಅದು ಬಿದ್ದರೆ ಮುಗಿಯಿತು. ಒಳಗಿನ ಮನೆಯಲ್ಲಿ ನೀವು ನೂರು ಕುರ್ಚಿ ಇಡಿ, ಇಡೀ ಮನೆಯನ್ನೇ ಕೆಡವಿ, ಅದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಯಾವುದು ಎಣಿಸಿ ಬಂದದ್ದು, ಯಾವುದು ಕೈಯಿಂದ ಬರೆದದ್ದು ಎಂದು ಹಾಳೆ ನೋಡಿದವರಿಗೆ ಗೊತ್ತೂ ಆಗುವುದಿಲ್ಲ.

ನಮ್ಮ ಮುಖ್ಯ ನಕ್ಷೆಗಾರರು ಪದ್ಮರಾಜಯ್ಯನವರು. ಒಳಗಿನ ಮನೆ ತೆರೆಯುವುದೆಂದರೆ ಅವರಿಗೆ ಸೋಮಾರಿತನ. ಯಾರು ಏನು ಕೇಳಿದರೂ ‘ಅಷ್ಟೇ ತಾನೆ’ ಎಂದು ಪಟ್ಟಿಯಲ್ಲೇ ಟಕ್ಕನೆ ಅಂಕಿ ಹೊಡೆದುಬಿಡುತ್ತಾರೆ. ಹದಿನೈದು ವರ್ಷದಿಂದ ಹೊಡೆದಿದ್ದಾರೆ. ಗದರಿಸಿ ಕೇಳಿದವರಿಗೆ ಹೊಡೆದಿದ್ದಾರೆ, ಹಲಸಿನ ಹಣ್ಣು ತಂದುಕೊಟ್ಟವರಿಗೆ ಹೊಡೆದಿದ್ದಾರೆ. ಆಮೇಲೆ ಪಟ್ಟಿಗೂ ಒಳಗಿನ ಮನೆಗೂ ತಾಳೆಯಾಗದೆ ಒದ್ದಾಡುವವಳು ಯಾರು? ನಾನು. ನಾನು ಮಾತ್ರ ಇಷ್ಟು ವರ್ಷದಲ್ಲಿ ಒಂದೇ ಒಂದು ಕೈಅಂಕಿ ಬರೆದವಳಲ್ಲ. ಅದು ನನ್ನ ಹೆಮ್ಮೆ. ಆ ಹೆಮ್ಮೆಯಿಂದ ಆದ ಅನಾಹುತವನ್ನೇ ಈಗ ಹೇಳುತ್ತಿರುವುದು.

ತಾರಾಮಣಿ ಮೂವತ್ತೊಂದನೆಯ ನಮೂನೆಯ ಉಮಾಪತಿಯ ತಂಗಿ. ಹದಿನಾಲ್ಕು ವರ್ಷ ಪಕ್ಕದೂರಿನಲ್ಲಿ ಗಂಡನ ಮನೆಯಲ್ಲಿದ್ದವಳು, ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅಣ್ಣನ ಮನೆಗೆ ಬಂದಳು. ಯಾಕೆ ಬಂದಳು ಎಂದು ಊರಿನವರೆಲ್ಲ ಕೇಳಿದರು, ನಾನು ಕೇಳಲಿಲ್ಲ. ಅವಳ ಎಡಗೈ ಮಣಿಕಟ್ಟು ಮುರಿದು ಸೊಟ್ಟಗೆ ಕೂಡಿಕೊಂಡಿದ್ದನ್ನು ನೋಡಿದ ಮೇಲೆ ಕೇಳುವುದಕ್ಕೇನೂ ಉಳಿದಿರಲಿಲ್ಲ. ಬರುವಾಗ ಅವಳು ತಂದದ್ದು ಮೂರು ಸಾಮಾನು: ಹೊಸ ಹತ್ತಿ ತುಂಬಿದ ಒಂದು ಹಾಸಿಗೆ, ಬೆತ್ತದ ಒಂದು ಕುರ್ಚಿ, ಅಂಚಿನಲ್ಲಿ ತಾರಾಮಣಿ ಎಂದು ಹೆಸರು ಕೊರೆಸಿದ ಒಂದು ಸ್ಟೀಲ್ ತಟ್ಟೆ. ಮೂವತ್ತೊಂದರಲ್ಲಿ ಇರುವವರು ಅಣ್ಣ, ಅತ್ತಿಗೆ ಲಲಿತಾಂಬ, ಇಬ್ಬರು ಹೆಣ್ಣುಮಕ್ಕಳು. ಹಾಸಿಗೆ ನಾಲ್ಕು, ಕುರ್ಚಿ ನಾಲ್ಕು, ತಟ್ಟೆ ನಾಲ್ಕು.

ನಾಲ್ಕು ತಿಂಗಳು ಸುಮ್ಮನಿದ್ದು ಆಮೇಲೆ ಅವಳು ಕಚೇರಿಗೆ ಬಂದಳು. ನನ್ನ ಮೇಜಿನ ಮುಂದೆ ನಿಂತು, ಕೂರು ಎಂದರೂ ಕೂರದೆ, ‘ವಾರಿಜಕ್ಕ, ದಿನಾ ಬರೀ ನೆಲದ ಮೇಲೆ ಏಳ್ತೀನಿ,’ ಎಂದಳು. ‘ಹಾಸಿಗೆ ಹೊರಗೆ ಹೋಗಿರುತ್ತೆ. ಅದು ಹೋಗ್ಲಿ, ಅಭ್ಯಾಸ ಆಯ್ತು. ತಟ್ಟೇದು ಮಾತ್ರ ಅಭ್ಯಾಸ ಆಗ್ತಿಲ್ಲ. ಹಾಲು ಹಾಕೋರು, ಪೇಪರ್ ಹಾಕೋರು, ಎಲ್ರೂ ನನ್ನ ಹೆಸರು ಓದ್ಕೊಂಡು ಹೋಗ್ತಾರೆ.’

‘ನಿಮ್ಮಣ್ಣ ಏನಂತಾರೆ?’

‘ಅಣ್ಣ ಬೇಡ ಅಂತಾನಾ? ನಾನೇನೋ ಇರು ಅಂತೀನಿ, ಪಟ್ಟಿ ಬಿಡ್ತಿಲ್ವಲ್ಲ ಅಂತಾನೆ. ಅರ್ಜಿಗೆ ಸಹಿನೂ ಹಾಕಿಕೊಟ್ಟಿದಾನೆ, ನೋಡಿ.’ ಸೊಂಟದಿಂದ ಅರ್ಜಿ ತೆಗೆದು ಮೇಜಿನ ಮೇಲಿಟ್ಟು ಮಡಿಕೆ ಬಿಡಿಸಿದಳು. ಉಮಾಪತಿಯ ಸಹಿ ದೊಡ್ಡದಾಗಿ, ಕೆಳಗೆ ಎರಡು ಗೆರೆ ಎಳೆದು, ಧಾರಾಳವಾಗಿಯೇ ಇತ್ತು. ‘ಇಲ್ಲಿ ನಿಲ್ಲಲಿಲ್ಲ ಅಂದ್ರೆ ಅಲ್ಲಿಗೇ ವಾಪಸ್ ಹೋಗ್ಬೇಕು ವಾರಿಜಕ್ಕ. ಬೇರೆ ಎಲ್ಲಿಗೆ ಹೋಗ್ಲಿ?’ ಅಲ್ಲಿಗೇ ಎನ್ನುವಾಗ ಅವಳ ಎಡಗೈ ತಾನಾಗಿ ಸೆರಗಿನೊಳಗೆ ಸೇರಿಕೊಂಡಿತು.

‘ನಾಳೆ ಬೆಳಗ್ಗೆ ಹೊತ್ತಿಗೆ ಸರಿಮಾಡ್ತೀನಿ, ಹೋಗು,’ ಎಂದೆ. ಜಂಬ ನೋಡಿ ನನ್ನದು.

ಮೂವತ್ತೊಂದರ ಒಳಗಿನ ಮನೆಯನ್ನು ತೆರೆದೆ. ಒಂದು ಹಾಸಿಗೆ ಹಾಸಿದೆ, ಒಂದು ಕುರ್ಚಿ ಇಟ್ಟೆ, ಅಡುಗೆಮನೆಯ ಗೂಡಿನಲ್ಲಿ ಐದನೆಯ ತಟ್ಟೆ ಇಟ್ಟೆ. ಪಟ್ಟಿ ನೋಡಿದೆ. ನಾಲ್ಕು, ನಾಲ್ಕು, ನಾಲ್ಕು. ಉಳಿಸಿ, ಮುಚ್ಚಿ, ಮತ್ತೆ ತೆರೆದೆ. ನಾಲ್ಕು. ಇನ್ನೂ ಎರಡು ತಟ್ಟೆ ಇಟ್ಟು ನೋಡಿದೆ. ಅದಕ್ಕೂ ನಾಲ್ಕು. ಏಳು ತಟ್ಟೆಯನ್ನು ಕಣ್ಣೆದುರು ಇಟ್ಟುಕೊಂಡು ನಾಲ್ಕು ಎನ್ನುವ ಪಟ್ಟಿಯ ಮುಂದೆ ಕೂತಾಗ ಮೈಯೆಲ್ಲ ಉರಿಯುತ್ತದೆ. ಇದು ಪದ್ಮರಾಜಯ್ಯನವರ ಕೈಚಳಕ ಎಂದು ಗೊತ್ತಾಯಿತು. ಯಾವ ಕಾಲದಲ್ಲೋ, ಒಳಗಿನ ಮನೆಯಲ್ಲಿ ನಾಲ್ಕೇ ಇದ್ದಾಗಲೂ ಸುಮ್ಮನಿರಲಾರದೆ, ನಾಲ್ಕರ ಮೇಲೆ ನಾಲ್ಕು ಎಂದು ಹೊಡೆದಿದ್ದರು ಪುಣ್ಯಾತ್ಮರು.

ಬುದ್ಧಿಯಿದ್ದವರಾದರೆ ಆಗ ಏನು ಮಾಡುತ್ತಿದ್ದರು? ನಾಲ್ಕನ್ನು ಅಳಿಸಿ ಐದು ಎಂದು ಬರೆಯುತ್ತಿದ್ದರು. ಮೂರು ಚೌಕ, ಮೂರು ಐದು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ತಾರಾಮಣಿಯ ತಟ್ಟೆ ಒಳಗಿರುತ್ತಿತ್ತು, ಯಾರ ಮನಸ್ಸಿನಲ್ಲಿ ಏನಿದೆಯೆಂದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ನಾನು ಕೈಅಂಕಿ ಬರೆಯದ ವಾರಿಜಾಕ್ಷಿಯಲ್ಲವೇ. ಈ ಮೂರು ಸಾಲಿನಲ್ಲಿರುವ ಕೈಅಂಕಿಯನ್ನೆಲ್ಲ ಬೇರುಸಹಿತ ಕಿತ್ತುಹಾಕುತ್ತೇನೆ, ಇರುವುದನ್ನು ಎಣಿಸಿ ಇರುವಷ್ಟೇ ತೋರಿಸಲಿ ಎಂದುಕೊಂಡೆ. ಕೀಳುವ ಗುಂಡಿ ಒಂದು ಚೌಕಕ್ಕೆ ಅಂತ ಇರುವುದಿಲ್ಲ, ಇಡೀ ಸಾಲಿಗೆ ಇರುತ್ತದೆ. ಹಾಸಿಗೆ ಸಾಲಿನಲ್ಲಿ ಒತ್ತಿದೆ, ಕುರ್ಚಿ ಸಾಲಿನಲ್ಲಿ ಒತ್ತಿದೆ, ತಟ್ಟೆ ಸಾಲಿನಲ್ಲಿ ಒತ್ತಿದೆ. ಮೂವತ್ತೊಂದರಲ್ಲಿ ಏಳು ಬಂತು, ಹೆಚ್ಚಿಗೆ ಇಟ್ಟಿದ್ದ ಎರಡು ತಟ್ಟೆ ತೆಗೆದೆ, ಐದಾಯಿತು. ಮಿಕ್ಕ ಎಂಬತ್ತೈದು ಕಾಲಮ್‌ಗಳಲ್ಲಿ ಏನಾಯಿತೆಂದು ನಾನು ನೋಡಲೇ ಇಲ್ಲ. ಪದ್ಮರಾಜಯ್ಯನವರು ಕನ್ನಡಕ ಹಾಕಿಕೊಳ್ಳದೆ ಸಹಿ ಹಾಕಿದರು, ನಾನು ಹಾಳೆ ಅಂಟಿಸಿ ಮನೆಗೆ ಹೋದೆ.

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಬೀದಿಯಲ್ಲಿ ಸಂತೆ. ಹದಿನೈದು ವರ್ಷದಲ್ಲಿ ಯಾರು ಯಾರು ಏನೇನು ಕೇಳಿ ಹೊಡೆಸಿಕೊಂಡಿದ್ದರೋ ಅಷ್ಟೂ ಜಗಲಿಯ ಮೇಲಿತ್ತು. ಮೇಷ್ಟರ ಮನೆಯ ಮುಂದೆ ಹನ್ನೊಂದು ತಟ್ಟೆ. ನಮ್ಮ ಎದುರುಮನೆಯ ಗಂಡ ಹೆಂಡತಿಯ ಜಗಲಿಯಲ್ಲಿ ಆರು ಹಾಸಿಗೆ. ಇಬ್ಬರಿಗೆ ಎಂಟು ಹಾಸಿಗೆ ಯಾಕೆಂದು ಅವತ್ತಿನವರೆಗೆ ಯಾರೂ ಕೇಳಿರಲಿಲ್ಲ, ಅವತ್ತು ಎಲ್ಲರೂ ಕೇಳಿದರು. ಎಲ್ಲಕ್ಕಿಂತ ದೊಡ್ಡ ಗುಂಪು ಇದ್ದದ್ದು ಪದ್ಮರಾಜಯ್ಯನವರ ಮನೆಯ ಮುಂದೆ. ಅವರ ಜಗಲಿಯಲ್ಲಿ ಐದು ಕುರ್ಚಿ ಸಾಲಾಗಿ ಕೂತಿದ್ದವು, ಅದರಲ್ಲಿ ಒಂದು ಬೀಟೆ ಮರದ ಆರಾಮ ಕುರ್ಚಿ.

ನಾನು ಕಚೇರಿಗೆ ಹೋಗುವ ಮೊದಲೇ ತಾರಾಮಣಿ ಅಲ್ಲಿ ನಿಂತಿದ್ದಳು. ಒಂದು ಡಬ್ಬಿಯಲ್ಲಿ ಸಿಹಿ ಅವಲಕ್ಕಿ ತಂದಿದ್ದಳು. ‘ಎದ್ದಾಗ ಹಾಸಿಗೆ ಮೇಲೇ ಇದ್ದೆ ವಾರಿಜಕ್ಕ,’ ಎಂದಳು. ‘ಎಚ್ಚರ ಆದ್ರೂ ಏಳದೆ ಸುಮ್ನೆ ಅಲ್ಲೇ ಬಿದ್ಕೊಂಡಿದ್ದೆ. ಅತ್ತಿಗೆ ಕಾಫಿಗೆ ಕರೆದ್ರೂ ಏಳಲಿಲ್ಲ.’ ಅವಳ ಮುಖ ನೋಡಿ ನನಗೆ ಊರಿನವರ ಬೈಗುಳವೆಲ್ಲ ಮರೆತುಹೋಯಿತು. ಒಂದು ಚಮಚ ಅವಲಕ್ಕಿ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಪದ್ಮರಾಜಯ್ಯನವರು ಬಂದರು.

‘ಏನಮ್ಮ ಇದು? ಊರಿನ ಮಾನನೆಲ್ಲ ಬೀದಿಗೆ ತಂದಿಟ್ಟಿದೀಯಲ್ಲ.’

‘ಮಾನ ಅಲ್ಲ ಸಾರ್, ಕುರ್ಚಿ,’ ಎಂದೆ. ‘ನಿಮ್ಮ ಒಳಗಿನ ಮನೇಲಿ ಇರೋದು ನಾಲ್ಕೇ. ಒಂಬತ್ತು ಅಂತ ಯಾರು ಹೊಡೆದಿದ್ರೋ ನಂಗೇನು ಗೊತ್ತು.’

ಅವರು ಕೆಂಪಗಾದರು. ನನ್ನ ಕುರ್ಚಿಯಿಂದ ನನ್ನನ್ನು ಎಬ್ಬಿಸಿ, ತಾವೇ ಕೂತು, ನಾನು ಕೈ ಹಾಕುವ ಮೊದಲಿದ್ದ ಹಳೆಯ ನಕ್ಷೆಯನ್ನು ತೆಗೆದು ಮತ್ತೆ ಅದನ್ನೇ ಮುದ್ರಿಸಿದರು. ‘ಮೂವತ್ತೊಂದನ್ನಾದ್ರೂ ಬಿಡಿ ಸಾರ್, ಅರ್ಜಿ ಇದೆ, ಸಹಿ ಇದೆ,’ ಎಂದು ಎರಡು ಸಲ ಹೇಳಿದೆ. ‘ಒಂದನ್ನ ಬಿಟ್ರೆ ಎಂಬತ್ತಾರೂ ಬಂದು ಕೂರ್ತವೆ. ನಿನ್ನಿಂದ ಇಷ್ಟಾಗಿದ್ದು ಸಾಕು,’ ಎಂದರು. ತಾರಾಮಣಿ ಡಬ್ಬಿಯ ಮುಚ್ಚಳ ಹಾಕುತ್ತ ಅಲ್ಲೇ ನಿಂತಿದ್ದಳು, ಎಲ್ಲ ಕೇಳಿಸಿಕೊಂಡಳು. ಮಧ್ಯಾಹ್ನದ ಹೊತ್ತಿಗೆ ಒಂದು ಸುತ್ತೋಲೆಯೂ ಬಂತು. ‘ಮುಂದಿನ ಆದೇಶದವರೆಗೆ ಪಟ್ಟಿಯಲ್ಲಿ ಒಂದು ಅಂಕಿಯ ಬದಲು ಇನ್ನೊಂದು ಅಂಕಿಯನ್ನು ಯಾರೂ ಬರೆಯತಕ್ಕದ್ದಲ್ಲ.’ ಕಚೇರಿಯಲ್ಲಿ ಇರುವವರೇ ಇಬ್ಬರು. ಅದರಲ್ಲಿ ಯಾರೂ ಎಂದರೆ ಯಾರು ಎಂದು ಕೇಳಬೇಕಾಗಿರಲಿಲ್ಲ.

ಮರುದಿನ ಊರಿನ ಎಲ್ಲ ಸಾಮಾನೂ ಒಳಗಿತ್ತು, ತಾರಾಮಣಿಯ ಮೂರು ಸಾಮಾನು ಮಾತ್ರ ಜಗಲಿಯ ಮೇಲಿತ್ತು. ಒಂದು ದಿನ ಒಳಗಿದ್ದು ಮತ್ತೆ ಹೊರಗೆ ಬರುವುದು ಮೊದಲಿನದಕ್ಕಿಂತ ಕಷ್ಟ. ಅವಳು ಹಾಸಿಗೆಯನ್ನು ಸುರುಳಿ ಸುತ್ತಿ ಹಗ್ಗದಿಂದ ಬಿಗಿದು ಕಟ್ಟಿದ್ದಳಂತೆ, ಬಿಚ್ಚುವುದೇ ಬೇಡ ಎಂದು. ಬಟ್ಟೆಯನ್ನೂ ಗಂಟು ಕಟ್ಟಿದ್ದಾಳೆ ಎಂದು ಅವಳ ಅಣ್ಣನ ಚಿಕ್ಕ ಮಗಳು ಬಂದು ನನಗೆ ಹೇಳಿ ಹೋದಳು.

ಆ ಸುತ್ತೋಲೆಯನ್ನು ಓದಿ ಓದಿ ನನಗೆ ತಲೆ ಕೆಟ್ಟಿತ್ತು. ಅಂಕಿಯ ಬದಲು ಅಂಕಿ ಬರೆಯತಕ್ಕದ್ದಲ್ಲ. ಸರಿ. ಅಂಕಿಯ ಬದಲು ಮಾತು ಬರೆದರೆ? ನಮ್ಮ ಪಟ್ಟಿಯ ಕೊನೆಯ ಸಾಲಿನಲ್ಲಿ ಸುಣ್ಣ, ಮೊಳೆ, ಗೋಂದು ಎಂದು ಇದೆ. ಅವನ್ನು ಎಣಿಸಲಾಗುವುದಿಲ್ಲ, ಗೋಡೆಗೆ ಎಷ್ಟು ಹಿಡಿಯುತ್ತದೋ ಅಷ್ಟು. ಅದಕ್ಕೇ ಆ ಸಾಲಿನ ಎಂಬತ್ತಾರು ಚೌಕಗಳಲ್ಲೂ ಅಂಕಿಯಿಲ್ಲ, ‘ಬೇಕಾದಷ್ಟು’ ಎಂದಿದೆ. ಕಾಗದದ ಮೇಲೆ ನಕ್ಷೆ ಬರೆಯುತ್ತಿದ್ದ ಕಾಲದಿಂದಲೂ ಇದೆ. ಇವತ್ತಿನವರೆಗೆ ಯಾರ ಮನೆಯ ಸುಣ್ಣವೂ ಜಗಲಿಗೆ ಬಂದು ಕೂತಿಲ್ಲ. ಇದು ಅಂಕಿಯಲ್ಲ, ಹಾಗಾಗಿ ಕೈಅಂಕಿಯೂ ಅಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು, ಮೂವತ್ತೊಂದರ ಹಾಸಿಗೆ, ಕುರ್ಚಿ, ತಟ್ಟೆ ಮೂರರಲ್ಲೂ ನಾಲ್ಕು ಅಳಿಸಿ ‘ಬೇಕಾದಷ್ಟು’ ಎಂದು ಬರೆದೆ. ಪದ್ಮರಾಜಯ್ಯನವರು ಈ ಸಲ ಕನ್ನಡಕವನ್ನೂ ಹಾಕಿಕೊಂಡರು, ಭೂತಗನ್ನಡಿಯನ್ನೂ ಹಿಡಿದುಕೊಂಡರು. ಏಳನೆಯ ಕಾಲಮ್ ಅವರದು. ಅಲ್ಲಿ ಕುರ್ಚಿ ಒಂಬತ್ತು ಇದೆಯೇ ಎಂದು ನೋಡಿದರು, ಇತ್ತು, ಸಹಿ ಹಾಕಿದರು.

ಸಂಜೆ ನಾನೇ ಮೂವತ್ತೊಂದಕ್ಕೆ ಹೋಗಿ ತಾರಾಮಣಿಯನ್ನು ಹೊರಗೆ ಕರೆದು ಹೇಳಿದೆ. ‘ಹಾಸಿಗೆ ಹಗ್ಗ ಬಿಚ್ಚು. ಬೇಕಾದಷ್ಟು ಅಂತ ಹಾಕಿದೀನಿ.’

‘ಬೇಕಾದಷ್ಟಾ?’ ಎಂದು ಅವಳಿಗೆ ನಗು ಬಂತು. ‘ಅಷ್ಟೊಂದು ಯಾಕೆ ವಾರಿಜಕ್ಕ? ನಂಗೆ ಒಂದೇ ಸಾಕು.’

‘ಇರ್ಲಿ ಬಿಡೆ, ನಿಮ್ಮಪ್ಪನ ಗಂಟೇನು ಹೋಗುತ್ತೆ,’ ಎಂದೆ. ನಾವಿಬ್ಬರೂ ಆ ಮಾತನ್ನು ಊರಿನವರೆಲ್ಲ ತಿಳಿಯುವ ಹಾಗೇ ತಿಳಿದುಕೊಂಡಿದ್ದೆವು. ಪಲ್ಯ ಬೇಕಾದಷ್ಟಿದೆ ಬಡಿಸಿಕೊಳ್ಳಿ ಎನ್ನುತ್ತೇವೆ, ಹೊತ್ತು ಬೇಕಾದಷ್ಟಿದೆ ನಿಧಾನ ಹೋಗಿ ಎನ್ನುತ್ತೇವೆ. ಧಾರಾಳ ಎಂದರ್ಥ. ಅವಳು ಒಳಗೆ ಹೋಗಿ ಹಗ್ಗ ಬಿಚ್ಚಿದಳು.

ಬೆಳಿಗ್ಗೆ ಮನಸ್ಸು ತಡೆಯದೆ ಕಚೇರಿಯ ದಾರಿ ಬಿಟ್ಟು ಅವರ ಬೀದಿಗೆ ಹೋದೆ. ತಾರಾಮಣಿ ಬಾಗಿಲಲ್ಲಿ ನಿಂತಿದ್ದಳು. ಎದ್ದಾಗ ಅವಳು ಹಾಸಿಗೆಯ ಮೇಲೇ ಇದ್ದಳಂತೆ. ಖುಷಿಯಾಗಿ, ಬಾಗಿಲಿಗೆ ನೀರು ಹಾಕಲು ಹೊರಗೆ ಬಂದಿದ್ದಳು. ಜಗಲಿಯ ಮೇಲೆ ಮೂರು ಸಾಮಾನು ಇತ್ತು. ಒಂದು, ಮೂಲೆಯಲ್ಲಿ ಹರಿದು ಹತ್ತಿ ಕಾಣುತ್ತಿದ್ದ ಹಳೆಯ ಹಾಸಿಗೆ. ಅದು ಉಮಾಪತಿಯದು. ಎರಡನೆಯದು ಅವನದೇ ಕುರ್ಚಿ, ಒಂದು ಕಾಲಿಗೆ ತಂತಿ ಸುತ್ತಿದ್ದು. ತಾರಾಮಣಿಯ ಹೊಸ ಹಾಸಿಗೆ, ಬೆತ್ತದ ಕುರ್ಚಿ ಎರಡೂ ಒಳಗೆ ಉಳಿದಿದ್ದವು. ಮೂರನೆಯದು ಅವಳ ತಟ್ಟೆ. ಒಳಗಿನ ನಾಲ್ಕಕ್ಕೂ ಇದಕ್ಕೂ ಹೊಳಪಿನಲ್ಲಾಗಲಿ ತೂಕದಲ್ಲಾಗಲಿ ಏನೂ ವ್ಯತ್ಯಾಸವಿರಲಿಲ್ಲ. ಹೆಸರೊಂದು ಬೇರೆ.

ನಾನು ಒಂದು ನಿಮಿಷ ಅರ್ಥವಾಗದೆ ನಿಂತೆ. ಅರ್ಥವಾದ ಮೇಲೆ ನನ್ನ ಕೈಗೆ ಬೆಂಕಿ ಹಾಕಿಕೊಳ್ಳಬೇಕು ಅನ್ನಿಸಿತು. ಮನೆ ಆ ಮಾತನ್ನು ನಮ್ಮ ಹಾಗೆ ಓದಿರಲಿಲ್ಲ. ಆ ಮನೆಯವರಿಗೆ ಬೇಕಾದಷ್ಟು ಎಂದು ಓದಿಕೊಂಡಿತ್ತು. ಒಳ್ಳೆಯ ಹಾಸಿಗೆ ಬೇಕು, ಗಟ್ಟಿ ಕುರ್ಚಿ ಬೇಕು, ತಟ್ಟೆ ನಾಲ್ಕು ಸಾಕು.

ಉಮಾಪತಿ ಬಾಯಲ್ಲಿ ಬ್ರಶ್ ಇಟ್ಟುಕೊಂಡು ಹೊರಗೆ ಬಂದ. ನಾಲ್ಕು ತಿಂಗಳಿಂದ ದಿನಾ ಬೆಳಿಗ್ಗೆ ಹೇಳುತ್ತಿದ್ದ ಮಾತನ್ನೇ ಹೇಳಿದ. ‘ನೋಡಮ್ಮ, ಈ ಹಾಳಾದ ಪಟ್ಟಿ…’

‘ಪಟ್ಟೀಲಿ ಅಂಕಿನೇ ಇಲ್ಲ ಉಮಾಪತಿಯವರೇ,’ ಎಂದೆ. ಸುಮ್ಮನಿರಬಹುದಿತ್ತು. ನನ್ನ ನಾಲಿಗೆ ಸುಮ್ಮನಿರಲಿಲ್ಲ. ‘ಬೇಕಾದಷ್ಟು ಅಂತ ಇದೆ. ನೀವು ನೂರು ತಟ್ಟೆ ಇಟ್ಕೊಂಡ್ರೂ ಅದು ಬೇಡ ಅನ್ನಲ್ಲ.’

‘ಮತ್ತೆ ಇದು ಯಾಕೆ ಹೊರಗೆ ಬಂತು?’ ಎಂದು ಕೇಳಿದ. ನಿಜವಾಗಿ ಗೊತ್ತಿಲ್ಲದೆಯೇ ಕೇಳಿದ. ಕೇಳಿದ ಮೇಲೆ ತನ್ನ ಮುರುಕು ಕುರ್ಚಿಯನ್ನು ನೋಡಿದ, ಹರಿದ ಹಾಸಿಗೆಯನ್ನು ನೋಡಿದ, ತಟ್ಟೆಯನ್ನು ನೋಡಿದ. ಬಾಯಲ್ಲಿದ್ದ ನೊರೆಯನ್ನು ಉಗುಳಲೂ ಆಗದೆ ನುಂಗಲೂ ಆಗದೆ ನಿಂತ. ಹಿಂದೆ ಬಾಗಿಲಿಗೆ ಬಂದ ಲಲಿತಾಂಬ ಎಲ್ಲವನ್ನೂ ಒಂದೇ ನೋಟಕ್ಕೆ ಅರ್ಥಮಾಡಿಕೊಂಡಳು. ‘ನಾನು ಒಂದು ಮಾತಾದ್ರೂ ಅಂದಿದೀನಾ ತಾರಾ? ನೀನೇ ಹೇಳು, ಒಂದು ದಿನ ಒಂದು ಮಾತು?’ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಂದಿರಲಿಲ್ಲ, ಅದೂ ನಿಜ. ಆ ಮನೆಯಲ್ಲಿ ಯಾರೂ ಏನೂ ಅಂದಿರಲಿಲ್ಲ.

‘ಇಲ್ಲ ಅತ್ತಿಗೆ, ಅಂದಿಲ್ಲ,’ ಎಂದಳು ತಾರಾಮಣಿ. ತಟ್ಟೆಯನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿ ಒಳಗೆ ಹೋದಳು.

ಅವತ್ತು ಕಚೇರಿಯಲ್ಲಿ ನನಗೆ ಒಂದು ಗೆರೆ ನೆಟ್ಟಗೆ ಎಳೆಯಲಾಗಲಿಲ್ಲ. ನಾಲ್ಕು ಎಂಬ ಆ ಕೈಅಂಕಿ ಅವಳಿಗೊಂದು ಮರೆಯಾಗಿತ್ತು. ಅಣ್ಣನಿಗೆ ನಾನು ಬೇಕು, ಪಟ್ಟಿಗೆ ಬೇಡ ಎಂದುಕೊಂಡು ಅವಳು ನಾಲ್ಕು ತಿಂಗಳು ಬರಿನೆಲದ ಮೇಲಿಂದ ಎದ್ದಿದ್ದಳು. ಆ ಮರೆಯನ್ನು ನಾನು ಕಿತ್ತುಹಾಕಿದ್ದೆ, ಅದೂ ಉಪಕಾರ ಮಾಡುತ್ತೇನೆಂದುಕೊಂಡು. ಈಗ ಅವಳು ಗಂಟು ಹಿಡಿದುಕೊಂಡು ಪಕ್ಕದೂರಿನ ಬಸ್ಸು ಹತ್ತಿರುತ್ತಾಳೆ ಎಂದು ಗಂಟೆಗೊಮ್ಮೆ ಕಿಟಕಿಯಿಂದ ರಸ್ತೆ ನೋಡುತ್ತಿದ್ದೆ. ಪದ್ಮರಾಜಯ್ಯನವರು ‘ಏನು, ಯಾರಾದ್ರೂ ಬರ್ತಾರಾ’ ಎಂದು ಕೇಳಿದ್ದಕ್ಕೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವುದಿಲ್ಲ.

ಊಟದ ಹೊತ್ತು ಕಳೆದ ಮೇಲೆ ಅವಳೇ ಬಂದಳು. ಈ ಸಲ ಕೂರು ಎನ್ನುವ ಮೊದಲೇ ಸ್ಟೂಲ್ ಎಳೆದುಕೊಂಡು ಕೂತಳು.

‘ಹಿಟ್ಟಿನ ಗಿರಣಿ ಪಕ್ಕ ಒಂದು ಕೋಣೆ ಖಾಲಿ ಇದೆಯಲ್ಲ ವಾರಿಜಕ್ಕ. ಈಗ ಅಲ್ಲಿಂದಾನೇ ಬರ್ತಿದೀನಿ. ಗಿರಣಿಯವರು ಕೆಲಸಾನೂ ಕೊಡ್ತೀನಿ ಅಂದ್ರು, ಕೋಣೇನೂ ಕೊಡ್ತಾರಂತೆ. ಆದ್ರೆ ಅದಕ್ಕೆ ಪಟ್ಟೀಲಿ ಕಾಲಮ್ಮೇ ಇಲ್ಲ, ಏನಿಟ್ರೂ ಹೊರಗೆ ಬರುತ್ತೆ. ಒಂದು ಕಾಲಮ್ ಹಾಕ್ಕೊಡಿ.’

ನಾನು ಬಾಯಿ ತೆರೆಯುವ ಮೊದಲೇ ಪಕ್ಕದ ಮೇಜಿನಿಂದ ಪದ್ಮರಾಜಯ್ಯನವರು ಹೇಳಿದರು. ‘ಒಬ್ಬರಿಗೇ ಅಂತ ನಮೂನೆ ಇಲ್ಲಮ್ಮ. ಸಂಸಾರ ಇದ್ರೆ ನಮೂನೆ. ಮೊದಲಿಂದ ಹಾಗೇ ಬಂದಿದೆ. ಇಷ್ಟಕ್ಕೂ ಹಾಳೇಲಿ ಜಾಗ ಎಲ್ಲಿದೆ? ಎಂಬತ್ತಾರು ಹಿಡಿಸೋದೇ ಕಷ್ಟ ಆಗಿದೆ.’

‘ಕುರ್ಚಿ ಸಾಲನ್ನ ಇನ್ನೊಂದ್ಸಲ ಎಣಿಸಿ ನೋಡ್ಲಾ ಸಾರ್?’ ಎಂದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ, ಅಷ್ಟು ಮೆತ್ತಗಿತ್ತು.

ಅವರು ನನ್ನನ್ನು ನೋಡಿದರು, ಆಮೇಲೆ ತಾರಾಮಣಿಯನ್ನು ನೋಡಿದರು, ಅವಳ ಮಡಿಲಲ್ಲಿ ಆನಿಸಿಕೊಂಡಿದ್ದ ಎಡಗೈಯನ್ನು ನೋಡಿದರು. ‘ಜಾಗ ಇದ್ರೆ ಹಾಕ್ಕೊಳ್ಳಿ. ಇಲ್ಲದ ಜಾಗಾನ ನಾನು ಹುಟ್ಟಿಸೋಕಾಗಲ್ಲ,’ ಎಂದು ಗೊಣಗಿ ಎದ್ದು ಹೊರಗೆ ಹೋದರು. ಹಾಳೆಯ ಬಲತುದಿಯಲ್ಲಿ, ಏನಾದರೂ ಟಿಪ್ಪಣಿ ಬರೆಯಲೆಂದು, ಷರಾ ಎಂಬ ಒಂದು ಕಾಲಮ್ ಇತ್ತು. ನಾನು ಸೇರಿದ ದಿನದಿಂದ ಅದರಲ್ಲಿ ಯಾರೂ ಒಂದಕ್ಷರ ಬರೆದಿರಲಿಲ್ಲ. ಅದನ್ನು ತೆಗೆದುಹಾಕಿದೆ. ಆ ಜಾಗದಲ್ಲಿ ಎಂಬತ್ತೇಳು ಎಂದು ಬರೆದೆ. ಒಳಗೆ ಒಂದು ಸಣ್ಣ ಕೋಣೆ ಕಟ್ಟಿದೆ, ಒಂದು ಬಾಗಿಲು, ಗಿರಣಿಯ ಕಡೆಗೆ ಬೇಡವೆಂದು ಹಿತ್ತಿಲ ಕಡೆಗೆ ಒಂದು ಕಿಟಕಿ.

‘ಹಾಸಿಗೆ?’ ಎಂದು ಕೇಳಿದೆ.

‘ಒಂದು.’

‘ಕುರ್ಚಿ?’

‘ಒಂದು. ಬೆತ್ತದ್ದು ಅಲ್ಲೇ ಇರ್ಲಿ ಬಿಡಿ, ಅಣ್ಣನಿಗೆ ಬೆನ್ನು ನೋವಿದೆ. ನಾನು ಬೇರೆ ಏನಾದ್ರೂ ನೋಡ್ಕೋತೀನಿ.’

‘ತಟ್ಟೆ?’

‘ಎರಡು.’

ನಾನು ಕಂಪ್ಯೂಟರಿನಿಂದ ಮುಖ ತಿರುಗಿಸಿದೆ. ‘ಇರೋದು ಒಬ್ಳು ತಾನೆ?’

‘ಅಣ್ಣ ಯಾವತ್ತಾದ್ರೂ ಬಂದ್ರೆ ಊಟಕ್ಕೆ ಹಾಕ್ಬೇಕಲ್ಲ.’

ಅಷ್ಟು ಹೊತ್ತು ತಡೆದುಕೊಂಡಿದ್ದ ಸಿಟ್ಟೆಲ್ಲ ನನಗೆ ಅವಳ ಮೇಲೆ ಬಂತು. ಪದ್ಮರಾಜಯ್ಯನವರ ಮೇಲೆ, ಉಮಾಪತಿಯ ಮೇಲೆ, ಆ ಹಾಳು ಮನೆಯ ಮೇಲೆ, ನನ್ನ ಮೇಲೆ ಬರಬೇಕಾದದ್ದೆಲ್ಲ ಅವಳ ಮೇಲೇ ಬಂತು. ‘ನಿಂಗೆ ಬುದ್ಧಿ ಇದೆಯೇನೆ?’ ಎಂದೆ. ‘ನಾಲ್ಕು ತಿಂಗಳು ನಿನ್ನ ತಟ್ಟೆ ಬೀದೀಲಿ ಬಿದ್ದಿತ್ತು. ಇವತ್ತು ಬೆಳಗ್ಗೆ ಯಾಕೆ ಬಿದ್ದಿತ್ತು ಅಂತ ಕಣ್ಣಾರೆ ನೋಡಿದೀಯ. ಅವನಿಗೆ ತಟ್ಟೆ ಇಡ್ತಾಳಂತೆ.’

‘ನೋಡಿದೆ,’ ಎಂದಳು ತಾರಾಮಣಿ. ‘ಅದಕ್ಕೇ ಹೇಳ್ತಿದೀನಿ. ಅವನು ಬಂದು ನನ್ನ ಬಾಗಿಲಲ್ಲಿ ನಿಂತಾಗ, ನಾನೇನೋ ಬಾ ಅಂತೀನಿ ಅಣ್ಣ, ಪಟ್ಟಿ ಬಿಡ್ತಿಲ್ವಲ್ಲ ಅನ್ನೋಕೆ ನಂಗೆ ಬಾಯಿ ಬರಲ್ಲ ವಾರಿಜಕ್ಕ.’

ನಾನು ಕಂಪ್ಯೂಟರಿನ ಕಡೆ ತಿರುಗಿದೆ. ಒಳಗಿನ ಕೋಣೆಯ ಗೂಡಿನಲ್ಲಿ ಒಂದು ತಟ್ಟೆ ಇಟ್ಟೆ, ಅದರ ಪಕ್ಕದಲ್ಲಿ ಇನ್ನೊಂದು ಇಟ್ಟೆ.